ಸ್ವೇನ್ ಕೌಂಟಿಗೆ ಬರಬೇಕಿದ್ದ ರಸ್ತೆ

(ಕನ್ನಡ ಗೆಳೆಯರ ಒಂದು ಸಂಜೆ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಓಟವನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಸ್ಮೋಕಿ ಬೆಟ್ಟಗಳಿಗೆ ನಿಮ್ಮಲ್ಲಿ ಬಹಳ ಜನ ಹೋಗಿ ಬಂದಿದ್ದೀರಿ. ಗ್ಯಾಟ್ಲಿನ್‌ಬರ್ಗ್‌ನಲ್ಲಿ ರೂಮು, ನ್ಯೂಫೌಂಡ್ ಗ್ಯಾಪ್‌ನಲ್ಲಿ ಫೋಟೋ, ಕರಡಿ ಕಂಡರೆ ಇನ್ನೊಂದು ಫೋಟೋ, ವಾಪಸ್. ನಾನು ಇವತ್ತು ಹೇಳುವುದು ಅದೇ ಬೆಟ್ಟದ ದಕ್ಷಿಣ ಮಗ್ಗುಲಿನ ಕತೆ, ಸರ್ಕಾರ ಮಾತು ಕೊಟ್ಟು ಪೂರ್ತಿ ಮಾಡದೇ ಬಿಟ್ಟ ಒಂದು ರಸ್ತೆಯ ಕತೆ. ನಾರ್ತ್ ಕ್ಯಾರೊಲಿನಾದ ಪಶ್ಚಿಮದ ಮೂಲೆಯಲ್ಲಿ ಸ್ವೇನ್ ಕೌಂಟಿ ಅಂತ ಒಂದಿದೆ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. 1871ರಲ್ಲಿ ಜಾಕ್ಸನ್, ಮೇಕನ್ ಎಂಬ ಎರಡು ಕೌಂಟಿಗಳಿಂದ ಒಂದಷ್ಟು ಭಾಗ ಕಿತ್ತು ಇದನ್ನು ಮಾಡಿದರು. ಕಚೇರಿ, ಕೋರ್ಟು ಎಲ್ಲ ಬ್ರೈಸನ್ ಸಿಟಿಯಲ್ಲಿ. ಸಿಟಿ ಅಂದರೆ ಹೆಸರಿಗೆ ಸಿಟಿ. ಇಡೀ ಕೌಂಟಿಯ ಜನಸಂಖ್ಯೆಯೇ ಸುಮಾರು 14,000, ಬೆಂಗಳೂರಿನ ನಾಲ್ಕೈದು ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಇರುವಷ್ಟು ಜನ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಕೌಂಟಿಯ ಐದರಲ್ಲಿ ನಾಲ್ಕು ಪಾಲಿಗೂ ಜಾಸ್ತಿ ಜಾಗ ನ್ಯಾಷನಲ್ ಪಾರ್ಕು, ಸರ್ಕಾರಿ ಕಾಡು, ಕೆರೆ, ಇಲ್ಲವೇ ಅಲ್ಲಿನ ಮೂಲನಿವಾಸಿಗಳಾದ ಚೆರೊಕೀ ಜನರ ಜಮೀನು. ಅದರಿಂದ ಕೌಂಟಿಗೆ ಮನೆ ತೆರಿಗೆ, ಜಮೀನು ತೆರಿಗೆ ಹುಟ್ಟುವುದಿಲ್ಲ. ಶಾಲೆಗೆ ದುಡ್ಡು ಹಾಕಬೇಕು, ಪೊಲೀಸರಿಗೆ ಸಂಬಳ ಕೊಡಬೇಕು, ಅದಕ್ಕೆಲ್ಲ ಜಮೀನು ತೆರಿಗೆ ಹುಟ್ಟುವುದು ಉಳಿದ ಚೂರು ಜಾಗದಿಂದಲೇ. ಇದು ತಲೆಯಲ್ಲಿ ಇದ್ದರೆ ಮುಂದೆ ಬರುವ ಜಗಳ ಅರ್ಥವಾಗುತ್ತದೆ.

ಇಲ್ಲಿ ಜಾಗ ಕಳೆದುಕೊಂಡವರಲ್ಲಿ ಮೊದಲನೆಯವರು ಚೆರೊಕೀಗಳು. ಬ್ರೈಸನ್ ಸಿಟಿಯಿಂದ ಸ್ವಲ್ಪ ದೂರದಲ್ಲಿ, ಟಕಸೀಜಿ ನದಿಯ ದಂಡೆಯ ಬಯಲಿನಲ್ಲಿ ಕಿಟುವಾ ಅಂತ ಒಂದು ದಿಬ್ಬ ಇದೆ. ಚೆರೊಕೀಗಳು ತಮ್ಮ ಮೂಲ ಊರು ಅಂತ ಹೇಳುವ ಜಾಗ ಅದು. ದಿಬ್ಬದ ಮೇಲೆ ಸಭೆಯ ಮನೆ ಇತ್ತು, ಅದರೊಳಗೆ ಆರದ ಬೆಂಕಿ ಇತ್ತು. ಆಮೇಲೆ ಅದು ಬಿಳಿಯರ ಹೊಲವಾಯಿತು. ತಲೆಮಾರುಗಟ್ಟಲೆ ಉತ್ತು ಉತ್ತು ದಿಬ್ಬ ಸವೆದು ಈಗ ಒಂದಾಳು ಎತ್ತರವೂ ಇಲ್ಲ. ರಸ್ತೆಯಿಂದ ನೋಡಿದರೆ ಹೊಲದಲ್ಲಿ ನೆಲ ಸ್ವಲ್ಪ ಉಬ್ಬಿದ ಹಾಗೆ ಕಾಣುತ್ತದೆ, ಅಷ್ಟೇ. 1838ರಲ್ಲಿ ಸೈನ್ಯ ಬಂದು ಸುಮಾರು 16,000 ಚೆರೊಕೀಗಳನ್ನು ಪಶ್ಚಿಮಕ್ಕೆ, ಈಗಿನ ಒಕ್ಲಹೋಮಾಕ್ಕೆ ಓಡಿಸಿತು. ದಾರಿಯಲ್ಲೂ ಶಿಬಿರಗಳಲ್ಲೂ ಸತ್ತವರು ಸಾವಿರಾರು. ಕೆಲವರು ಬೆಟ್ಟದಲ್ಲಿ ಅಡಗಿ ಉಳಿದರು. ಇನ್ನು ಕೆಲವರು ಚೆರೊಕೀ ಗಡಿಯ ಹೊರಗೆ ನೆಲೆಸಿದ್ದರಿಂದ ಉಳಿದರು. ಅವರಿಗಾಗಿ ವಿಲಿಯಂ ಹಾಲೆಂಡ್ ಥಾಮಸ್ ಎಂಬ ಬಿಳಿಯ ವ್ಯಾಪಾರಿ ತನ್ನ ಹೆಸರಿನಲ್ಲಿ ಜಮೀನು ಕೊಂಡ. ಇವರ ಹೆಸರಿನಲ್ಲಿ ನೋಂದಣಿ ಆಗುತ್ತಿರಲಿಲ್ಲವಲ್ಲ. ಇವತ್ತಿನ ಈಸ್ಟರ್ನ್ ಬ್ಯಾಂಡ್ ಚೆರೊಕೀ ಅಂದರೆ ಈ ಎರಡೂ ಗುಂಪಿನ ಮಕ್ಕಳು ಮೊಮ್ಮಕ್ಕಳು. ಅವರು 1996ರಲ್ಲಿ ಕಿಟುವಾದ 309 ಎಕರೆಯನ್ನು ದುಡ್ಡು ಕೊಟ್ಟು ವಾಪಸ್ ಕೊಂಡರು. ತಮ್ಮದೇ ಜಾಗವನ್ನು. ಮಾರ್ಕೆಟ್ಟಿನಲ್ಲಿ.

ಇದನ್ನು ಯಾಕೆ ಮೊದಲು ಹೇಳಿದೆ ಅಂದರೆ, ಮುಂದೆ ಬರುವ ಕತೆಯಲ್ಲಿ ಬಿಳಿಯ ಬೆಟ್ಟದ ಜನ ಅನ್ಯಾಯ ಅನುಭವಿಸುತ್ತಾರೆ. ಅದು ನಿಜವಾದ ಅನ್ಯಾಯವೇ. ಆದರೆ ಆ ನೆಲದ ಕತೆ ಅವರಿಂದ ಶುರುವಾಗುವುದಿಲ್ಲ.

ಈಗ ಹೇಜಲ್ ಕ್ರೀಕ್‌ಗೆ ಬರೋಣ. ಸ್ಮೋಕಿಯ ತುದಿಯಿಂದ ಇಳಿದು ಲಿಟಲ್ ಟೆನೆಸಿ ನದಿಗೆ ಸೇರುವ ಹೊಳೆ ಅದು. ಅದರ ಪಕ್ಕದಲ್ಲಿ ಈಗಲ್ ಕ್ರೀಕ್, ಫೋರ್ನಿ ಕ್ರೀಕ್, ನೋಲಂಡ್ ಕ್ರೀಕ್. ಒಂದೊಂದು ಹೊಳೆಗೂ ಒಂದೊಂದು ಕಣಿವೆ, ಕಣಿವೆಗೆ ನಾಲ್ಕಾರು ಮನೆತನ, ಒಂದು ಚರ್ಚು, ಒಂದು ಶಾಲೆ, ಒಂದೆರಡು ಸ್ಮಶಾನ. 1830ರ ಸುಮಾರಿಗೆ ಮೋಸೆಸ್ ಪ್ರಾಕ್ಟರ್ ಎಂಬಾತ ಹೇಜಲ್ ಕ್ರೀಕ್‌ಗೆ ಬಂದು ನೆಲೆಸಿದ. ಮುಂದೆ ಅಲ್ಲಿ ಬೆಳೆದ ಊರಿಗೆ ಅವನದೇ ಹೆಸರು. 1910ರ ಹೊತ್ತಿಗೆ ರಿಟ್ಟರ್ ಎಂಬ ಮರದ ಕಂಪನಿ ಬಂತು. ಸ್ವಂತ ರೈಲು ಹಾಕಿ, ದೊಡ್ಡ ಸಾಮಿಲ್ ಕಟ್ಟಿ, 1928ರವರೆಗೆ ಕಣಿವೆಯನ್ನು ಬೋಳಿಸಿತು. ಆ ಕಾಲದಲ್ಲಿ ಪ್ರಾಕ್ಟರ್ ಊರಿನಲ್ಲಿ ಸಾವಿರಕ್ಕೂ ಜಾಸ್ತಿ ಜನ ಇದ್ದರು. ಸಿನಿಮಾ ಮಂದಿರ ಕೂಡ ಇತ್ತು. ಮರ ಮುಗಿಯಿತು, ಕಂಪನಿ ಹೋಯಿತು, ಹಳಿ ಕಿತ್ತುಕೊಂಡು ಹೋಯಿತು. ಮೊದಲಿಂದ ಇದ್ದವರು ಮೆಕ್ಕೆಜೋಳ, ಬೀನ್ಸು, ಹಂದಿ, ಜೇನು ಅಂತ ಮತ್ತೆ ತಮ್ಮ ಪಾಡಿಗೆ ತಾವು ಬದುಕಿದರು.

ಇವತ್ತು ಅಲ್ಲಿಗೆ ಹೋದರೆ ದಟ್ಟ ಕಾಡು. ಮನುಷ್ಯರ ಕೈ ತಾಗದ ಕಾಡು ಅಂತ ಪ್ರವಾಸಿಗರು ಬೆರಗಾಗುತ್ತಾರೆ. ಅಯ್ಯೋ, ನೂರು ವರ್ಷದ ಕೆಳಗೆ ಅಲ್ಲಿ ಮಿಲ್ಲಿನ ಸಿಳ್ಳೆ ಕೇಳುತ್ತಿತ್ತು!

ಹೊರೇಸ್ ಕೆಫಾರ್ಟ್ ಅನ್ನುವ ಹೆಸರನ್ನು ಕೆಲವರು ಕೇಳಿರಬಹುದು. ಸೇಂಟ್ ಲೂಯಿಸ್‌ನಲ್ಲಿ ಲೈಬ್ರೇರಿಯನ್ ಆಗಿದ್ದವರು, ಬದುಕು ಕೆಟ್ಟು 1904ರಲ್ಲಿ ಹೇಜಲ್ ಕ್ರೀಕ್‌ಗೆ ಬಂದು ಒಂದು ಗುಡಿಸಲಿನಲ್ಲಿ ಉಳಿದರು. ಬೆಟ್ಟದ ಜನರ ಬಗ್ಗೆ ಬರೆದು ಹೆಸರಾದರು. ಆಮೇಲೆ ಈ ಬೆಟ್ಟಗಳು ನ್ಯಾಷನಲ್ ಪಾರ್ಕ್ ಆಗಬೇಕು ಅಂತ ಓಡಾಡಿದವರಲ್ಲಿ ಅವರೂ ಮುಖ್ಯರು. 1931ರಲ್ಲಿ ಬ್ರೈಸನ್ ಸಿಟಿ ಹತ್ತಿರ ಕಾರು ಅಪಘಾತದಲ್ಲಿ ತೀರಿಕೊಂಡರು, ಅದೇ ಊರಿನ ಗುಡ್ಡದ ಮೇಲೆ ಸಮಾಧಿ ಇದೆ. ಪಾರ್ಕ್ 1934ರಲ್ಲಿ ಆಯಿತು. ತನಗೆ ಆಸರೆ ಕೊಟ್ಟ ಕಣಿವೆಯೂ ಮುಂದೆ ಅದೇ ಪಾರ್ಕಿನ ಪಾಲಾಗುವುದನ್ನು ಅವರು ನೋಡಲಿಲ್ಲ. ನೋಡಿದ್ದರೆ ಏನನ್ನುತ್ತಿದ್ದರೋ.

ಸರಿ, ಅಣೆಕಟ್ಟು. 1933ರಲ್ಲಿ ರೂಸ್‌ವೆಲ್ಟ್ ಸರ್ಕಾರ ಟೆನೆಸಿ ವ್ಯಾಲಿ ಅಥಾರಿಟಿ ಅಂತ ಮಾಡಿತು, ಆ ಕಡೆಯ ನದಿಗಳಿಗೆ ಅಣೆಕಟ್ಟು ಕಟ್ಟಿ ಕರೆಂಟು ಮಾಡುವ ಸಂಸ್ಥೆ. ಎಲ್ಲರೂ ಟಿವಿಎ ಅನ್ನುತ್ತಾರೆ. ಲಿಟಲ್ ಟೆನೆಸಿ ನದಿಗೆ ಫಾಂಟಾನಾ ಎಂಬಲ್ಲಿ ಅಣೆಕಟ್ಟು ಕಟ್ಟುವ ಯೋಚನೆ ಮೊದಲೇ ಇತ್ತು. ಅಲ್ಕೋವಾ ಅನ್ನುವ ಅಲ್ಯೂಮಿನಿಯಂ ಕಂಪನಿ ಅಲ್ಲಿ ಜಾಗ ಮಾಡಿಕೊಂಡಿತ್ತು. 1941ರ ಡಿಸೆಂಬರ್‌ನಲ್ಲಿ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬು ಬಿದ್ದು ಅಮೆರಿಕ ಯುದ್ಧಕ್ಕೆ ಇಳಿದದ್ದೇ ತಡ, ಎಲ್ಲ ದಿಢೀರ್ ಅಂತ ಶುರುವಾಯಿತು. ವಿಮಾನಕ್ಕೆ ಅಲ್ಯೂಮಿನಿಯಂ ಬೇಕು, ಅಲ್ಯೂಮಿನಿಯಂಗೆ ಕರೆಂಟು ಬೇಕು. 1942ರ ಜನವರಿಯಲ್ಲೇ ಕೆಲಸ ಹತ್ತಿತು. ಸಾವಿರಾರು ಕೂಲಿಗಳು, ಹಗಲು ರಾತ್ರಿ ಪಾಳಿ. ಮೂರು ವರ್ಷದೊಳಗೆ 480 ಅಡಿ ಎತ್ತರದ ಕಾಂಕ್ರೀಟ್ ಗೋಡೆ ಎದ್ದಿತು. ಅಮೆರಿಕದ ಪೂರ್ವ ಭಾಗದಲ್ಲಿ ಅದಕ್ಕಿಂತ ಎತ್ತರದ ಅಣೆಕಟ್ಟು ಇವತ್ತಿಗೂ ಇಲ್ಲ. 1944ರ ನವೆಂಬರ್‌ನಲ್ಲಿ ನೀರು ನಿಲ್ಲಿಸಿದರು, 1945ರ ಜನವರಿಗೆ ಕರೆಂಟು ಹರಿಯಿತು.

ಕೆಳಗಿದ್ದವರ ಪಾಡು? ಜಡ್ಸನ್ ಅಂತ ಊರು ಮುಳುಗಿತು. ಆಮಂಡ್ ಅಂತ ಇನ್ನೊಂದು ಊರು ಜಾಗ ಬದಲಿಸಿತು. ಒಟ್ಟು ಈ ಯೋಜನೆಯಿಂದ ಎದ್ದ ಕುಟುಂಬಗಳು ಸುಮಾರು 1,300. ಶರಾವತಿ ಕಡೆಯವರು ಇಲ್ಲಿ ಇದ್ದರೆ ಅವರಿಗೆ ನಾನು ವಿವರಿಸಬೇಕಾಗಿಲ್ಲ.

ಆದರೆ ಕೆರೆಯ ಉತ್ತರ ದಂಡೆಯ ಕತೆ ಬೇರೆ. ಅಲ್ಲಿ ಬಹುಪಾಲು ಜಾಗ ನೀರಿನ ಮಟ್ಟಕ್ಕಿಂತ ಮೇಲೆಯೇ ಇತ್ತು. ಮನೆ ಮುಳುಗುತ್ತಿರಲಿಲ್ಲ. ಮುಳುಗುತ್ತಿದ್ದದ್ದು ರಸ್ತೆ. ಬ್ರೈಸನ್ ಸಿಟಿಯಿಂದ ನದಿಯ ಪಕ್ಕದಲ್ಲೇ ಹೋಗುತ್ತಿದ್ದ 288ನೇ ನಂಬರಿನ ರಸ್ತೆ ಒಂದೇ ಅವರಿಗೆ ಹೊರಗಿನ ದಾರಿ. ಯುದ್ಧದ ನಡುವೆ ಅದರ ಬದಲಿಗೆ ಬೆಟ್ಟ ಕಡಿದು ಹೊಸ ರಸ್ತೆ ಮಾಡುವುದು ಆಗದ ಮಾತು, ಖರ್ಚೂ ಜಾಸ್ತಿ. ಹಾಗಾದರೆ ಏನು ಮಾಡೋಣ? ಜನರನ್ನೇ ಎಬ್ಬಿಸಿಬಿಡೋಣ. ಇನ್ನೂರಕ್ಕೂ ಜಾಸ್ತಿ ಕುಟುಂಬಗಳು ಒಣ ನೆಲವನ್ನು ಬಿಟ್ಟು ಹೋದವು, ಕೆರೆಯ ಆಚೆ ಸಿಕ್ಕಿಹಾಕಿಕೊಳ್ಳುತ್ತೀರಿ ಅನ್ನುವ ಕಾರಣಕ್ಕೆ. ಆ 44,000 ಎಕರೆ ಪಾರ್ಕಿಗೆ ಸೇರಿತು.

ಮನೆಯ ಗಂಡು ಮಕ್ಕಳು ಎಷ್ಟೋ ಜನ ಆಗ ಯುದ್ಧದಲ್ಲಿ ಇದ್ದರು. ಪೆಟ್ರೋಲಿಗೆ ರೇಷನ್, ಟೈರು ಸಿಗುವುದಿಲ್ಲ. ಸಾಮಾನು ಸಾಗಿಸುವುದೇ ದೊಡ್ಡ ಪಾಡು. ಫಾಂಟಾನಾ ಅಣೆಕಟ್ಟಿನ ಕಡೆಯಿಂದ ಲೇಕ್‌ಶೋರ್ ಟ್ರೇಲ್ ಹಿಡಿದು ನಡೆದರೆ ದಾರಿ ಪಕ್ಕದಲ್ಲೇ ಹಳೆ ಕಾರುಗಳ ಅಸ್ಥಿಪಂಜರ ಕಾಣುತ್ತದೆ. ಗುಂಡಗಿನ ಮಡ್‌ಗಾರ್ಡು, ತುಕ್ಕು ಹಿಡಿದ ಬಾಗಿಲು, ಎಂಜಿನ್ ಇದ್ದ ಜಾಗದಲ್ಲಿ ಎಲೆಗೊಬ್ಬರ, ಅದರಲ್ಲಿ ಹುಟ್ಟಿದ ಗಿಡ. ಕೆಟ್ಟು ನಿಂತಿದ್ದನ್ನು, ಪೆಟ್ರೋಲ್ ಇಲ್ಲದ್ದನ್ನು ಅಲ್ಲೇ ಬಿಟ್ಟು ಹೋದರು ಅಂತ ಹೇಳುತ್ತಾರೆ. ಪಾರ್ಕಿನವರೂ ತೆಗೆಸಿಲ್ಲ. ತೆಗೆಸದೇ ಇದ್ದದ್ದು ಒಳ್ಳೆಯದಾಯಿತು. ಅಲ್ಲಿ ಊರಿತ್ತು ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಬೋರ್ಡು ಬೇಕಾಗಿಲ್ಲ.

ಈಗ ಕರಾರಿನ ವಿಷಯ, ಸ್ವಲ್ಪ ಗಮನ ಕೊಡಿ. 1943ರ ಜುಲೈನಲ್ಲಿ ಒಂದು ಒಪ್ಪಂದಕ್ಕೆ ನಾಲ್ಕು ಸಹಿ ಬಿತ್ತು. ಟಿವಿಎ, ಕೇಂದ್ರ ಸರ್ಕಾರದ ಒಳನಾಡು ಇಲಾಖೆ, ನಾರ್ತ್ ಕ್ಯಾರೊಲಿನಾ ರಾಜ್ಯ, ಸ್ವೇನ್ ಕೌಂಟಿ. ಯುದ್ಧ ಮುಗಿದ ಮೇಲೆ ಉತ್ತರ ದಂಡೆಯ ಉದ್ದಕ್ಕೂ, ಪಾರ್ಕಿನ ಒಳಗೆ, ಹೊಸ ರಸ್ತೆ ಮಾಡಿಕೊಡುತ್ತೇವೆ ಅಂತ ಕೇಂದ್ರ ಒಪ್ಪಿಕೊಂಡಿತು. ಸುಮಾರು 30 ಮೈಲಿ. ಜತೆಗೆ ಒಂದು ಸಣ್ಣ ಷರತ್ತು: ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ದುಡ್ಡು ಬಿಡುಗಡೆ ಮಾಡಿದರೆ. ಸರ್ಕಾರಿ ಕಾಗದ ಓದಿ ಅಭ್ಯಾಸ ಇರುವವರಿಗೆ ಈ 'ದರೆ' ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಗೊತ್ತು.

ಇನ್ನೊಂದು, ನನಗೆ ಇದೇ ಮುಖ್ಯ ಅನ್ನಿಸುವುದು. ಸಹಿ ಮಾಡಿದ ನಾಲ್ಕು ಜನರಲ್ಲಿ ಮನೆ ಬಿಟ್ಟವರು ಯಾರೂ ಇಲ್ಲ. ಅವರ ಪರವಾಗಿ ಕೌಂಟಿ ಸಹಿ ಹಾಕಿತು. ರಸ್ತೆ ಬರುತ್ತದೆ, ನಿಮ್ಮ ಅಜ್ಜ ಅಜ್ಜಿಯರ ಸಮಾಧಿಗೆ ನೀವು ಹೋಗಿ ಬರಬಹುದು ಅನ್ನುವ ಮಾತು ಅವರಿಗೆ ಬಾಯಿಮಾತಿನಲ್ಲಿ ಸಿಕ್ಕಿತು. ನೀರು ಬರುವ ಕಡೆ ಇದ್ದ ಸಮಾಧಿಗಳನ್ನು ಟಿವಿಎ ಬೇರೆ ಕಡೆ ಸಾಗಿಸಿತ್ತು. ಮೇಲಿನ ಸ್ಮಶಾನಗಳನ್ನು ಹೇಗೂ ರಸ್ತೆ ಬರುತ್ತದಲ್ಲ ಅಂತ ಅಲ್ಲೇ ಬಿಟ್ಟರು. ಅಂಥವು ಎರಡು ಡಜನ್‌ಗೂ ಜಾಸ್ತಿ.

ರಸ್ತೆ ಏನಾಯಿತು? ಯುದ್ಧ ಮುಗಿದ ಮೇಲೆ ಅಣೆಕಟ್ಟಿನ ಹತ್ತಿರ ಒಂದು ಮೈಲಿ ಆಯಿತು. 1960ರ ದಶಕದಲ್ಲಿ ಬ್ರೈಸನ್ ಸಿಟಿ ಕಡೆಯಿಂದ ಪಾರ್ಕಿನೊಳಗೆ ಆರೇಳು ಮೈಲಿ ಆಯಿತು. ಕೊನೆಗೆ ಒಂದು ಸುರಂಗ, ಸುಮಾರು 1,200 ಅಡಿ ಉದ್ದ. ಸುರಂಗ ದಾಟಿದ ಮೇಲೆ ಡಾಂಬರು ಇಲ್ಲ, ಕಾಲುದಾರಿ ಅಷ್ಟೇ. 1970ರ ದಶಕದ ಶುರುವಿನಲ್ಲಿ ಕೆಲಸ ನಿಂತಿತು. ನಿಂತಿದ್ದಕ್ಕೆ ಕಾರಣ ಸುಳ್ಳಲ್ಲ. ಅಲ್ಲಿನ ಬಂಡೆಯಲ್ಲಿ ಪೈರೈಟ್ ಎಂಬ ಗಂಧಕ ಬೆರೆತ ಖನಿಜ ಇದೆ. ಕಡಿದಾಗ ಅದಕ್ಕೆ ಗಾಳಿ, ನೀರು ತಾಗಿ ಗಂಧಕದ ಆಮ್ಲ ಹುಟ್ಟುತ್ತದೆ. ಆ ನೀರು ಹೊಳೆಗೆ ಇಳಿದರೆ ಮೀನು ಸಾಯುತ್ತವೆ. ಖರ್ಚೂ ಏರುತ್ತಿತ್ತು. ಆಗ ಪರಿಸರದ ಕಾನೂನುಗಳು ಬಂದ ಕಾಲ ಬೇರೆ. ಹಾಗಾಗಿ ರಸ್ತೆ ಅಲ್ಲಿಗೇ ನಿಂತಿತು. ಅದರ ಅಧಿಕೃತ ಹೆಸರು ಲೇಕ್‌ವ್ಯೂ ಡ್ರೈವ್. ಊರವರು ಇಟ್ಟ ಹೆಸರು 'ಎಲ್ಲಿಗೂ ಹೋಗದ ರಸ್ತೆ'. ದಾರಿ ಪಕ್ಕ ಒಂದು ಬೋರ್ಡೂ ಹಾಕಿದರು: ಮುರಿದ ಮಾತು, 1943ರಿಂದ, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ.

ಇದರಲ್ಲಿ ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ಮುಳುಗಿದ 288ನೇ ರಸ್ತೆಗೆ ಕೌಂಟಿ ಬಾಂಡ್ ಮಾರಿ ಸಾಲ ಎತ್ತಿತ್ತು. ರಸ್ತೆ ನೀರಿನೊಳಗೆ ಹೋದ ಮೇಲೂ ವರ್ಷಗಟ್ಟಲೆ ಆ ಸಾಲ ತೀರಿಸಿತು. ಬಡ್ಡಿ ಸಮೇತ.

ಇನ್ನು ಸ್ಮಶಾನಗಳು. ದಕ್ಷಿಣದ ಬೆಟ್ಟಗಳಲ್ಲಿ ಡೆಕೊರೇಷನ್ ಅಂತ ಒಂದು ಪದ್ಧತಿ ಇದೆ. ವಸಂತ ಇಲ್ಲವೇ ಬೇಸಿಗೆಯ ಒಂದು ಭಾನುವಾರ ಮನೆತನದವರೆಲ್ಲ ಸ್ಮಶಾನದಲ್ಲಿ ಸೇರುತ್ತಾರೆ. ಹುಲ್ಲು ಕೆರೆದು ತೆಗೆದು, ಕುಸಿದ ಸಮಾಧಿಗೆ ಹೊಸ ಮಣ್ಣು ಏರಿಸಿ, ಉದ್ದಕ್ಕೆ ದಿಂಡು ಕಟ್ಟುತ್ತಾರೆ. ಮೇಲೆ ಹೂವು. ಹಿಂದೆ ಕ್ರೇಪ್ ಪೇಪರಿನ ಹೂವು ಮಾಡಿ, ಮಳೆಗೆ ಹಾಳಾಗದ ಹಾಗೆ ಮೇಣದಲ್ಲಿ ಅದ್ದುತ್ತಿದ್ದರು. ಹೆಂಗಸರು ವಾರಗಟ್ಟಲೆ ಕೂತು ಮಾಡುವ ಕೆಲಸ ಅದು. ಈಗ ಹೆಚ್ಚಾಗಿ ಪ್ಲಾಸ್ಟಿಕ್. ಆಮೇಲೆ ಹಾಡು, ಪ್ರಾರ್ಥನೆ, ಒಬ್ಬರು ಪಾದ್ರಿ ನಾಲ್ಕು ಮಾತಾಡುತ್ತಾರೆ. ಆಮೇಲೆ ಊಟ. ಕರಿದ ಕೋಳಿ, ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು, ಕೇಕು, ಎಲ್ಲ ಮನೆಯಿಂದ ತಂದದ್ದು, ಸ್ಮಶಾನದ ಪಕ್ಕದಲ್ಲೇ ಹರಡಿಕೊಂಡು. ಯಾರ ಸಮಾಧಿ ಯಾವುದು, ಯಾರು ಯಾರಿಗೆ ಏನಾಗಬೇಕು, ಯಾವ ಮಗು ಯಾವ ಕಾಯಿಲೆಗೆ ಹೋಯಿತು, ಎಲ್ಲವೂ ಊಟದ ಹೊತ್ತಿನಲ್ಲೇ ಮಕ್ಕಳ ಕಿವಿಗೆ ಬೀಳುತ್ತದೆ. ಎಷ್ಟೋ ಸಮಾಧಿಗಳ ಮೇಲೆ ಹೆಸರು ಕೆತ್ತಿಲ್ಲ, ಹೊಳೆಯ ಕಲ್ಲು ಒಂದು ನಿಲ್ಲಿಸಿದ್ದಾರೆ ಅಷ್ಟೇ. ಅದು ಯಾರದು ಅಂತ ಹೇಳಬಲ್ಲ ಬಾಯಿ ಹೋಯಿತು ಅಂದರೆ ಆ ಮನುಷ್ಯನೂ ಹೋದ ಹಾಗೆ.

1944ರ ಮೇಲೆ ಉತ್ತರ ದಂಡೆಯವರಿಗೆ ಇದು ನಿಂತೇ ಹೋಯಿತು ಅನ್ನಬೇಕು. ಯಾರೋ ಒಬ್ಬಿಬ್ಬರು ದೋಣಿ ಬಾಡಿಗೆಗೆ ಹಿಡಿದು ಹೋಗಿ ಬರುತ್ತಿದ್ದರು. ಮೂವತ್ತು ವರ್ಷಕ್ಕೂ ಜಾಸ್ತಿ ಹೀಗೆ. ಆಮೇಲೆ 1970ರ ದಶಕದ ಕೊನೆಯಲ್ಲಿ ಆ ಕಣಿವೆಯಲ್ಲೇ ಹುಟ್ಟಿದ ಇಬ್ಬರು ಅಕ್ಕತಂಗಿಯರು ಮುಂದೆ ನಿಂತು ಜನರನ್ನು ಸೇರಿಸಿದರು, ಸ್ಮಶಾನಗಳಿಗಾಗಿ ಒಂದು ಸಂಘ ಕಟ್ಟಿದರು, ಪಾರ್ಕಿನವರ ಹಿಂದೆ ಬಿದ್ದರು. ಅಲ್ಲಿಂದ ಪಾರ್ಕಿನವರು ದೋಣಿ ಕೊಡತೊಡಗಿದರು. ಈಗ ಪ್ರತಿ ಸ್ಮಶಾನಕ್ಕೂ ಒಂದು ದಿನ ಗೊತ್ತಾಗಿದೆ. ಕೆರೆ ದಾಟಲು ದೋಣಿ, ಆಚೆ ದಂಡೆಯಲ್ಲಿ ವಯಸ್ಸಾದವರಿಗೆ ಗಾಡಿ. ಹೇಜಲ್ ಕ್ರೀಕ್‌ನಲ್ಲಿ ಆ ಗಾಡಿ ಹೋಗುವುದು ರಿಟ್ಟರ್ ಕಂಪನಿ ರೈಲಿಗೆ ಅಂತ ಮಾಡಿದ ದಾರಿಯ ಮೇಲೆ. ಗಾಡಿ ನಿಂತ ಮೇಲೆ ಗುಡ್ಡ ಹತ್ತಬೇಕು. ಊರುಗೋಲು ಹಿಡಿದವರು, ಕೂಲರ್ ಬಾಕ್ಸ್ ಹೊತ್ತವರು, ಕೈತುಂಬ ಪ್ಲಾಸ್ಟಿಕ್ ಹೂವು ಹಿಡಿದ ಮಕ್ಕಳು, ಎಲ್ಲ ಒಂದೇ ಸಾಲಿನಲ್ಲಿ. ಸ್ಮಶಾನಗಳೆಲ್ಲ ಗುಡ್ಡದ ನೆತ್ತಿಯಲ್ಲೇ. ಉಳುವ ನೆಲವನ್ನು ಸತ್ತವರಿಗೆ ಯಾರು ಕೊಡುತ್ತಾರೆ?

ಅಂಥ ಸ್ಮಶಾನಗಳಲ್ಲಿ ಹಿಗ್ಡನ್ ಸ್ಮಶಾನ ಅಂತ ಒಂದು. ಅಲ್ಲಿ ಒಂದು ಸಮಾಧಿ ಉಳಿದವುಗಳಿಂದ ಸ್ವಲ್ಪ ದೂರ ಇದೆ. ಕಲ್ಲಿನ ಮೇಲೆ ಹೆಸರಿಲ್ಲ, 'ಒಬ್ಬ ಕಪ್ಪು ಮನುಷ್ಯ' ಅಂತ ಇದೆ. 1919ರ ಸುಮಾರಿಗೆ ಇನ್‌ಫ್ಲುಯೆಂಜಾ ಬಂದು ಮನೆಮನೆಯಲ್ಲಿ ಜನ ಮಲಗಿದ್ದಾಗ ಆತ ಕಾಯಿಲೆಯವರ ಆರೈಕೆ ಮಾಡಿದ, ಕೊನೆಗೆ ಅದೇ ಕಾಯಿಲೆಗೆ ಹೋದ ಅಂತ ಕಣಿವೆಯ ನೆನಪು. ಆತ ಮಾಡಿದ ಉಪಕಾರವನ್ನು ನೂರು ವರ್ಷ ನೆನಪಿಟ್ಟುಕೊಂಡರು. ಹೆಸರನ್ನು ಇಟ್ಟುಕೊಳ್ಳಲಿಲ್ಲ, ಪಕ್ಕದಲ್ಲಿ ಜಾಗವನ್ನೂ ಕೊಡಲಿಲ್ಲ. ಮೂರು ತಲೆಮಾರಿನ ಸೋದರತ್ತೆ ಸೋದರಮಾವಂದಿರ ಹೆಸರನ್ನೆಲ್ಲ ಬಾಯಿಪಾಠ ಹೇಳುವ ಊರು ಇದು, ಅಲ್ವಾ. ಊರಿನ ನೆನಪು ಅಂತ ನಾವು ಹೊಗಳುವಾಗ ಇದನ್ನೂ ಸೇರಿಸಿಯೇ ಹೊಗಳಬೇಕು.

ಕೊನೆಯ ಅಧ್ಯಾಯ ದುಡ್ಡಿನದು. ಬೇಗ ಹೇಳಿ ಮುಗಿಸುತ್ತೇನೆ. 2000ದ ಹೊತ್ತಿಗೆ ರಸ್ತೆಯ ಮಾತು ಮತ್ತೆ ಎದ್ದಿತು, ಅಧ್ಯಯನ ನಡೆಯಿತು. ಪೂರ್ತಿ ಮಾಡಬೇಕಾದರೆ 50 ಕೋಟಿ ಡಾಲರಿಗೂ ಜಾಸ್ತಿ ಬೇಕು ಅಂತ ಲೆಕ್ಕ ಬಂತು. ಕೌಂಟಿ ಎರಡಾಯಿತು. ರಸ್ತೆ ಬರುವುದಿಲ್ಲ, ಬದಲಿಗೆ ದುಡ್ಡು ತಗೊಂಡು ಶಾಲೆಗೆ ಹಾಕೋಣ ಅಂದವರು ಒಂದು ಕಡೆ. ಮಾತು ಕೊಟ್ಟದ್ದು ರಸ್ತೆಗೆ, ದುಡ್ಡಿಗಲ್ಲ ಅಂದವರು ಇನ್ನೊಂದು ಕಡೆ. ಅಣ್ಣತಮ್ಮಂದಿರ ನಡುವೆಯೂ ಮಾತು ಬಿಟ್ಟುಹೋದ ಜಗಳ. 2010ರ ಫೆಬ್ರವರಿಯಲ್ಲಿ ಒಪ್ಪಂದವಾಯಿತು: ರಸ್ತೆ ಬೇಡ, ಕೌಂಟಿಗೆ 5.2 ಕೋಟಿ ಡಾಲರ್. ಮೊದಲ ಕಂತು 1.28 ಕೋಟಿ ಬಂತು. ಆಮೇಲೆ ಮತ್ತೆ ಅದೇ ರಾಗ, ದುಡ್ಡು ಬರಲಿಲ್ಲ. 2016ರಲ್ಲಿ ಕೌಂಟಿ ಕೇಂದ್ರ ಸರ್ಕಾರದ ಮೇಲೆ ಕೋರ್ಟಿಗೆ ಹೋಯಿತು. ನಡುವೆ ಒಂದಷ್ಟು ಬಂದು, ಕೊನೆಯ 3.52 ಕೋಟಿ ಕೈಗೆ ಬಂದಾಗ 2018. ಸಹಿ ಬಿದ್ದು 75 ವರ್ಷ. ದುಡ್ಡು ರಾಜ್ಯದ ಖಜಾನೆಯಲ್ಲಿ ಇದೆ, ಬಡ್ಡಿ ಮಾತ್ರ ಕೌಂಟಿಗೆ. ಅಸಲು ಮುಟ್ಟಬೇಕಾದರೆ ನೋಂದಾಯಿತ ಮತದಾರರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಈ ಷರತ್ತು ಹಾಕಿದವರು ಬುದ್ಧಿವಂತರು.

ಪ್ರಶ್ನೆಗಳಿಗೆ ಬರೋಣ.

"ಹಾಗಾದರೆ ನ್ಯಾಯ ಸಿಕ್ಕಿತು ಅನ್ನಬಹುದಾ?" ಅಂತ ಒಬ್ಬರು ಕೇಳಿದರು. ಕೌಂಟಿಗೆ ಸಿಕ್ಕಿತು. ಕರಾರಿನಲ್ಲಿ ಅದರ ಸಹಿ ಇತ್ತು, ಅದರ ಬಾಕಿ ಚುಕ್ತಾ ಆಯಿತು. ಬಡ ಕೌಂಟಿಗೆ ಆ ಬಡ್ಡಿ ಸಣ್ಣದಲ್ಲ, ಕಾಡು ಕಡಿಯದೆ ಉಳಿದದ್ದೂ ನನ್ನ ಲೆಕ್ಕದಲ್ಲಿ ಒಳ್ಳೆಯದೇ. ಕುಟುಂಬಗಳ ಮಾತು ಬೇರೆ. ಅವರು ಬರೀ ಬಾಯಿಮಾತನ್ನು ನಂಬಿದವರು, ಬಾಯಿಮಾತಿಗೆ ಕಂತು ಇಲ್ಲ. ಅವರಿಗೆ ಉಳಿದಿರುವುದು ದೋಣಿ. ಪಾರ್ಕು ಆ ದೋಣಿಯನ್ನು ನಿಲ್ಲಿಸಬಾರದು, ಎಷ್ಟೇ ಬಜೆಟ್ ಕಡಿತ ಬಂದರೂ ನಿಲ್ಲಿಸಬಾರದು. ಇಡೀ ಕತೆಯಲ್ಲಿ ನಾನು ಪಟ್ಟು ಹಿಡಿದು ಹೇಳುವುದು ಇದೊಂದೇ.

"ನಾವು ಹೋದರೆ ಏನೇನು ನೋಡಬಹುದು?" ಅಂತ ಇನ್ನೊಬ್ಬರು. ಸುರಂಗಕ್ಕೆ ಬ್ರೈಸನ್ ಸಿಟಿಯಿಂದ ಕಾರಿನಲ್ಲೇ ಹೋಗಬಹುದು. ಟಾರ್ಚ್ ಬೇಕೇ ಬೇಕು, ನಡುವಿನಲ್ಲಿ ಗವ್ವೆನ್ನುವ ಕತ್ತಲು. ಹೇಜಲ್ ಕ್ರೀಕ್‌ಗೆ ಫಾಂಟಾನಾ ಮರೀನಾದಿಂದ ದೋಣಿ ಸಿಗುತ್ತದೆ, ದುಡ್ಡು ಕೊಟ್ಟರೆ ಬಿಟ್ಟು ಬಂದು ಸಂಜೆ ಕರೆದುಕೊಂಡು ಹೋಗುತ್ತಾರೆ. ಪ್ರಾಕ್ಟರ್‌ನಲ್ಲಿ ಒಂದು ಬಿಳಿ ಮರದ ಮನೆ ಇನ್ನೂ ನಿಂತಿದೆ, ಮಿಲ್ಲಿನ ಕಾಂಕ್ರೀಟು ಗೋಡೆಗಳೂ ಇವೆ. ಚಳಿಗಾಲದಲ್ಲಿ ಕೆರೆಯ ನೀರನ್ನು ಹತ್ತಾರು ಅಡಿ ಇಳಿಸುತ್ತಾರೆ, ಆಗ ಹೋದರೆ ಹಳೆ ರಸ್ತೆಯ, ಮನೆಗಳ ಗುರುತು ಕೆಸರಿನಲ್ಲಿ ಕಾಣುತ್ತದೆ. ಡೆಕೊರೇಷನ್ ದಿನ ಮಾತ್ರ ಸುಮ್ನೆ ನೋಡಲು ಅಂತ ಹೋಗಬೇಡಿ, ಅದು ಮನೆಯವರ ದಿನ, ದೋಣಿಯಲ್ಲಿ ಜಾಗವೂ ಕಡಿಮೆ. ಅಲ್ಲಿನವರು ಯಾರಾದರೂ ಕರೆದರೆ ಹೋಗಿ. ಬರಿಗೈಯಲ್ಲಿ ಮಾತ್ರ ಬೇಡ, ಊಟಕ್ಕೆ ಏನಾದರೂ ಮಾಡಿಕೊಂಡು ಹೋಗಿ, ಖಾರ ಸ್ವಲ್ಪ ಕಡಿಮೆ ಹಾಕಿ.